ಮೂರೇ ಪದಾರ್ಥದ ಡೈಕಿರಿ

ಮನೆಯಲ್ಲಿ ಕಾಕ್‌ಟೇಲ್ ಪ್ರಯೋಗಕ್ಕೆ ಇಳಿದವರ ಕೈ ಎಷ್ಟು ಪಳಗಿದೆ ಎಂದು ತಿಳಿಯಲು ಒಂದು ಡೈಕಿರಿ ಮಾಡಿಸಿ ನೋಡಬೇಕು. ಕ್ಯೂಬಾದ ಸ್ಯಾಂಟಿಯಾಗೊ ಬಳಿಯ ಊರಿನ ಹೆಸರು ಹೊತ್ತ ಇದರಲ್ಲಿ ಇರುವುದು ಬಿಳಿ ರಮ್, ನಿಂಬೆರಸ, ಸಕ್ಕರೆ, ಅಷ್ಟೇ. ತಪ್ಪು ಮುಚ್ಚಿಡಲು ಜಾಗವೇ ಇಲ್ಲ. ನನಗೆ ಇಷ್ಟವಾಗುವುದೂ ಅದೇ.

60 ಮಿ.ಲೀ. ರಮ್, 30 ಮಿ.ಲೀ. ರಸ, 20 ಮಿ.ಲೀ. ಸಕ್ಕರೆ ಪಾಕ. ಇದು ಆರಂಭದ ಅಳತೆ ಮಾತ್ರ. ಹುಳಿ ಹಣ್ಣಿನಿಂದ ಹಣ್ಣಿಗೆ ಬದಲಾಗುವುದರಿಂದ ಬಲ್ಲವರು ಮೊದಲು ರಸವನ್ನು ನಾಲಿಗೆಗೆ ಹಚ್ಚಿ ನೋಡಿ, ಆಮೇಲೆ ಪಾಕಕ್ಕೆ ಕೈ ಹಾಕುತ್ತಾರೆ. ಕೊನೆಯ ಹನಿಗಾಗಿ ಸಿಪ್ಪೆಯನ್ನು ಜಜ್ಜುವುದಿಲ್ಲ, ಕಹಿ ಇಳಿದುಬಿಡುತ್ತದೆ.

ನಿಜವಾದ ಕಸುಬು ಇರುವುದು ಶೇಕರ್‌ನಲ್ಲಿ. ಗಟ್ಟಿ ಐಸ್ ತುಂಬಿ ಕುಲುಕಿದರೆ ಮೊದಲು ಖಣಖಣ ಸದ್ದು. ಐಸಿನ ಮೂಲೆಗಳು ಸವೆದಂತೆ ಸದ್ದು ಮೆತ್ತಗಾಗುತ್ತದೆ. ಲೋಹದ ಹೊರಮೈ ಮಂಜುಗಟ್ಟಿ ಬೆರಳು ಮರಗಟ್ಟುತ್ತದೆ. ಕರಗಿದ ಆ ನೀರೂ ಅಳತೆಯ ಭಾಗವೇ, ಅದಿಲ್ಲದಿದ್ದರೆ ರಮ್ಮಿನ ಘಾಟು ಗಂಟಲಿಗೆ ಹೊಡೆಯುತ್ತದೆ. 12–15 ಸೆಕೆಂಡು ಸಾಕು. ಸಣ್ಣ ಜರಡಿಯಲ್ಲಿ ಸೋಸಿ ತಣ್ಣನೆಯ ಗ್ಲಾಸಿಗೆ ಸುರಿದಾಗ ಮೇಲೆ ತೆಳುವಾದ ನೊರೆ ನಿಲ್ಲುತ್ತದೆ. ಎಂಥ ಚೆಂದ!

ಹವಾನಾದ ಎಲ್ ಫ್ಲೋರಿಡಿಟಾ ಬಾರಿನ ಕಾನ್‌ಸ್ಟಾಂಟಿನೊ ರಿಬಾಲೈಗುವಾ ಡೈಕಿರಿಗೆ ಮರಾಸ್ಕಿನೊ ಎಂಬ ಚೆರಿ ಲಿಕರ್ ಬೆರೆಸಿ, ಐಸಿನೊಂದಿಗೇ ಅರೆದು ಹೊಸ ರೂಪ ಕೊಟ್ಟರು. ನಮ್ಮ ಅಡುಗೆಮನೆಯಲ್ಲಿ ಸಕ್ಕರೆಯ ಬದಲು ಜೋನಿಬೆಲ್ಲ ಹಾಕಬಹುದು. ರಮ್ಮೂ ಬೆಲ್ಲವೂ ಒಂದೇ ಕಬ್ಬಿನ ಮಕ್ಕಳು, ಚೆನ್ನಾಗಿ ಹೊಂದುತ್ತವೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅಳತೆ ಬರೆದಿಡಿ.