ಭೂಪಟಗಳಲ್ಲಿ ‘ಪಾಳು’ ಶಬ್ದದ ವಿಚಾರ

ಕೃತಕೋಪಗ್ರಹಗಳ ಚಿತ್ರಗಳನ್ನಾಧರಿಸಿ ಕೇಂದ್ರ ಸರ್ಕಾರವು 2019ರಲ್ಲಿ ಪ್ರಕಟಿಸಿದ ಪಾಳುಭೂಮಿಗಳ ಭೂಪಟಸಂಗ್ರಹವು ಮಹಾಪರಿಶ್ರಮದ ಫಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಪರಿಭಾಷೆಯು ಪರೀಕ್ಷಾರ್ಹವಾಗಿದೆ. ಕುರುಚಲು ಬೆಳೆದ ನೆಲವೂ, ಸವೆದ ಗೋಮಾಳವೂ ಅದರಲ್ಲಿ ‘ಪಾಳು’ ವರ್ಗಕ್ಕೇ ಸೇರಿವೆ. ಗುಬ್ಬಿಯ ಸೀಮೆಯಲ್ಲಿ ಇಂತಹ ನೆಲಕ್ಕೆ ಕಾವಲೆಂಬ ಹೆಸರುಂಟು; ಕಾಯ್ದಿರಿಸಿದ ಹುಲ್ಲುಗಾವಲೆಂಬುದೇ ಅದರ ಅರ್ಥ. ಮೈಸೂರರಸರ ಅಮೃತಮಹಲ್ ದನಗಳು ಮೇದದ್ದು ಇಂತಹ ಕಾವಲುಗಳಲ್ಲಿಯೇ. ಕಾದಿಟ್ಟದ್ದು ಪಾಳು ಹೇಗಾದೀತು? 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯು ಆರಂಭವಾದ ಬಿದರೆಹಳ್ಳ ಕಾವಲ್, 615 ಎಕರೆ ಕಾರ್ಖಾನೆಗೆ ಸಂದ ಮೇಲೂ, ಹೆಸರಿನಲ್ಲಿ ಆ ಅರ್ಥವನ್ನು ಉಳಿಸಿಕೊಂಡಿದೆ.

ಉಪಗ್ರಹವು ನೆಲದ ಹೊದಿಕೆಯನ್ನು ಕಾಣುವುದೇ ಹೊರತು ವಿನಿಯೋಗವನ್ನಲ್ಲ. ಕುಣಿಗಲ್ ಸೀಮೆಯಲ್ಲಿ ಬೇಸಗೆಗೆ ಬತ್ತಿದ ಕೆರೆಯಂಗಳಕ್ಕೂ ಬೀಳುಹೊಲಕ್ಕೂ ಚಿತ್ರದಲ್ಲಿ ಭೇದವು ಅಲ್ಪ. ಕಂದಾಯದ ಪರಿಭಾಷೆಯೂ ನಿರ್ದುಷ್ಟವಲ್ಲ: ಸಾರ್ವಜನಿಕ ದಾರಿ, ಹಳ್ಳ, ಕೆರೆಗಳನ್ನು ಅದು ‘ಬಿ ಖರಾಬು’ ಎನ್ನುತ್ತದೆ, ಖರಾಬೆಂದರೆ ಕೆಟ್ಟದ್ದು! ಆದರೂ ಅದು ಎಲ್ಲರ ಸ್ವತ್ತೆಂಬ ವಿವೇಕವು ಆ ‘ಬಿ’ ಅಕ್ಷರದಲ್ಲಾದರೂ ಉಳಿದಿದೆ. ಭೂಮಾಪನ ಇಲಾಖೆಯ ‘ದಿಶಾಂಕ್’ ಸರ್ವೆ ನಂಬರುಗಳ ಗೆರೆಗಳನ್ನು ಉಪಗ್ರಹಚಿತ್ರದ ಮೇಲೆಯೇ ತೋರಿಸುವುದರಿಂದ ಈ ಎರಡು ದೃಷ್ಟಿಗಳೂ ಒಂದೆಡೆ ಕೂಡುತ್ತವೆ. ತುಮಕೂರಿನ ನಗರಯೋಜಕರು ಬಡಾವಣೆಗೆ ಗೆರೆಯೆಳೆಯುವ ಮುನ್ನ ರಾಜಕಾಲುವೆಯ ಜಾಡನ್ನು ಅಲ್ಲಿ ಹುಡುಕುವುದು ಯುಕ್ತ. ಸಂಗ್ರಹದ ಮುಂದಿನ ಆವೃತ್ತಿಯಲ್ಲಿ ಕಾವಲ್, ಗೋಮಾಳ, ಗುಂಡುತೋಪುಗಳಿಗೆ ಪ್ರತ್ಯೇಕ ವರ್ಣವೂ ಸ್ವನಾಮವೂ ಇರತಕ್ಕದ್ದು.