ಯುದ್ಧಚಿತ್ರದ ಕತ್ತರಿ

ಐತಿಹಾಸಿಕ ಯುದ್ಧಚಿತ್ರವೊಂದು ತೆರೆ ಕಂಡಾಗಲೆಲ್ಲ ನಮ್ಮಲ್ಲಿ ಒಂದೇ ಬಗೆಯ ವಾದ ಏಳುತ್ತದೆ. ಒಂದು ಪಕ್ಷದವರು 'ಇದು ಇತಿಹಾಸ' ಎನ್ನುತ್ತಾರೆ; ಇನ್ನೊಂದು ಪಕ್ಷದವರು 'ಇದು ಬರೀ ಪ್ರಚಾರ' ಎನ್ನುತ್ತಾರೆ. ಮೂರನೆಯವರೊಬ್ಬರು 'ಅದು ಸಿನಿಮಾ ಕಣ್ರೀ, ನೋಡಿ ಮರೆತುಬಿಡಿ' ಎಂದು ಇಬ್ಬರನ್ನೂ ಸಮಾಧಾನಪಡಿಸಲು ನೋಡುತ್ತಾರೆ. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಯಾರ ಮಾತಿನಿಂದಲೂ ಚಿತ್ರವನ್ನು ಅಳೆಯಲು ಒಂದು ಮಾನದಂಡ ದೊರೆಯುವುದಿಲ್ಲ.

ಯುದ್ಧಚಿತ್ರದಲ್ಲಿ ಕೋಟೆ, ಕುದುರೆ, ಕತ್ತಿ, ಗುರಾಣಿಗಳು ಹಳೆಯವು. ಹಣ ಹೂಡಿದವರು, ಅನುಮತಿಯಿತ್ತವರು, ಟಿಕೆಟು ಕೊಂಡು ನೋಡುವವರು ಮಾತ್ರ ಇಂದಿನವರು. ಆದ್ದರಿಂದ ಅದು ಯಾವ ಶತಮಾನದ ಕತೆ ಹೇಳಿದರೂ ತಾನು ತಯಾರಾದ ವರ್ಷದ ಮಾತನ್ನೇ ಆಡುತ್ತದೆ. ಇದು ಅಪರಾಧವೇನಲ್ಲ, ನಾಟಕ, ಕಾದಂಬರಿಗಳೂ ಹೀಗೆಯೇ. ಆದರೆ ಆ ಮಾತು ಎಲ್ಲಿ ಸುಳ್ಳಿಗೆ ತಿರುಗುತ್ತದೆ ಎಂದು ತಿಳಿಯಬೇಕಾದರೆ ತೆರೆಯ ಮೇಲೆ ಇರುವುದನ್ನು ನೋಡಿದರೆ ಸಾಲದು. ಕತ್ತರಿ ಯಾವುದನ್ನು ತೆಗೆದುಹಾಕಿತು ಎಂಬುದನ್ನು ವಿಚಾರಿಸಬೇಕು. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಮೂರು ದೇಶಗಳಲ್ಲಿ ತಯಾರಾದ ಮೂರು ಚಿತ್ರಗಳು ಇದಕ್ಕೆ ಸಾಕ್ಷಿ.

ಮೊದಲನೆಯದು ರಷ್ಯದ ಸೆರ್ಗೈ ಐಸೆನ್‌ಸ್ಟೈನ್ ನಿರ್ದೇಶಿಸಿದ 'ಅಲೆಕ್ಸಾಂಡರ್ ನೆವ್‌ಸ್ಕಿ' (1938). 1242ರಲ್ಲಿ ನವ್‌ಗೊರೋದ್‌ನ ರಾಜಕುಮಾರ ನೆವ್‌ಸ್ಕಿ ಜರ್ಮನ್ ಧರ್ಮಯೋಧರನ್ನು ಹೆಪ್ಪುಗಟ್ಟಿದ ಸರೋವರದ ಮೇಲೆ ಸೋಲಿಸಿದ್ದು ಇದರ ವಸ್ತು. ಆ ಹಿಮದ ಕದನವನ್ನು ಬೇಸಗೆಯ ಬಿಸಿಲಿನಲ್ಲಿ, ಕೃತಕ ಮಂಜನ್ನು ಹಾಸಿ ಚಿತ್ರಿಸಿದರು. ಅದು ಕಲೆಗೆ ಸಲ್ಲುವ ಸುಳ್ಳು. ಅದಕ್ಕೆ ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ನಿಜವಾದ ನೆವ್‌ಸ್ಕಿ ಪಶ್ಚಿಮದಲ್ಲಿ ಜರ್ಮನರನ್ನು ಗೆದ್ದರೂ ಪೂರ್ವದಲ್ಲಿ ಮಂಗೋಲರ ಅಧೀನನಾಗಿಯೇ ಬಾಳಿದವನು. 1263ರಲ್ಲಿ ಅವರ ಆಸ್ಥಾನದಿಂದ ಹಿಂತಿರುಗುವ ದಾರಿಯಲ್ಲಿ ಸತ್ತವನು. ಮೊದಲಿನ ಚಿತ್ರಕಥೆಯಲ್ಲಿ ಈ ತಲೆಬಾಗುವಿಕೆಯೂ ಈ ಸಾವೂ ಇದ್ದವು. ಸ್ಟಾಲಿನ್ ಅದನ್ನು ಒಪ್ಪಲಿಲ್ಲ. ಗೆಲುವಿನಲ್ಲೇ ಕತೆ ಮುಗಿಯಿತು. ಇಲ್ಲಿ ಕತ್ತರಿಗೆ ಸಿಕ್ಕಿದ್ದು ನಾಯಕನ ಸೋಲು.

ಈ ಚಿತ್ರದ ಮುಂದಿನ ಕತೆ ಇನ್ನೂ ಸ್ವಾರಸ್ಯವಾಗಿದೆ. 1939ರ ಆಗಸ್ಟಿನಲ್ಲಿ ಸ್ಟಾಲಿನ್ ಮತ್ತು ಹಿಟ್ಲರ್ ನಡುವೆ ಒಪ್ಪಂದವಾದೊಡನೆ, ಜರ್ಮನರನ್ನು ರಾಕ್ಷಸರಂತೆ ತೋರಿಸಿದ ಈ ಚಿತ್ರ ಚಿತ್ರಮಂದಿರಗಳಿಂದ ಮಾಯವಾಯಿತು. 1941ರ ಜೂನ್‌ನಲ್ಲಿ ಹಿಟ್ಲರನ ಸೇನೆ ರಷ್ಯದೊಳಗೆ ನುಗ್ಗಿದಾಗ ಮತ್ತೆ ಪ್ರತ್ಯಕ್ಷವಾಯಿತು. ಚಿತ್ರದ ಒಂದು ಚೌಕಟ್ಟೂ ಬದಲಾಗಿರಲಿಲ್ಲ. ಬದಲಾದದ್ದು ಸರ್ಕಾರದ ಅಗತ್ಯ. 1942ರಲ್ಲಿ ನೆವ್‌ಸ್ಕಿಯ ಹೆಸರಿನಲ್ಲಿ ಸೈನ್ಯದ ಪದಕವೊಂದನ್ನು ಸ್ಥಾಪಿಸಿದರು. ರಾಜಕುಮಾರನ ನಿಜವಾದ ಚಿತ್ರ ಎಲ್ಲೂ ಇರಲಿಲ್ಲವಾದ್ದರಿಂದ, ಪಾತ್ರ ವಹಿಸಿದ ನಟ ಚೆರ್ಕಾಸೊವ್‌ನ ಮುಖವನ್ನೇ ಪದಕದ ಮೇಲೆ ಕೆತ್ತಿಸಿದರು! ಹದಿಮೂರನೆಯ ಶತಮಾನದ ವೀರನಿಗೆ ಇಪ್ಪತ್ತನೆಯ ಶತಮಾನದ ನಟನ ಮುಖ ಅಂಟಿತು. ನಮ್ಮ ದೇಶದ ಪೌರಾಣಿಕ ಕ್ಯಾಲೆಂಡರುಗಳನ್ನು ಕಂಡವರಿಗೆ ಇದೇನೂ ಅಪರಿಚಿತವಲ್ಲ.

ಎರಡನೆಯದು ಲಾರೆನ್ಸ್ ಒಲಿವಿಯರನ 'ಐದನೆಯ ಹೆನ್ರಿ' (1944). ಶೇಕ್ಸ್‌ಪಿಯರನ ನಾಟಕವನ್ನು ಆಧರಿಸಿದ ಈ ವರ್ಣಚಿತ್ರ ಬ್ರಿಟನ್ನಿನ ಕಮಾಂಡೋಗಳಿಗೂ ವಿಮಾನದಿಂದಿಳಿದು ಕಾದಾಡುವ ಪಡೆಗಳಿಗೂ ಅರ್ಪಿತವಾಗಿದೆ. ಅದೇ ವರ್ಷದ ಜೂನ್‌ನಲ್ಲಿ ಆ ಪಡೆಗಳು ಫ್ರಾನ್ಸಿನ ತೀರದಲ್ಲಿ ಇಳಿದಿದ್ದವು. 1415ರ ಹೆನ್ರಿಯೂ ಫ್ರಾನ್ಸಿನಲ್ಲೇ ಇಳಿದವನು. ಚಿತ್ರ ನೋಡಲು ಅತ್ಯಂತ ಸುಂದರ. ಬಾಣಗಳ ಮಳೆ ಸುರಿಯುವ ಆ ದೃಶ್ಯವನ್ನು ಕಂಡವರು ಮರೆಯಲಾರರು. ಆದರೆ ಶೇಕ್ಸ್‌ಪಿಯರ್ ಬರೆದುದರಲ್ಲಿ ಬಹುಭಾಗ ಅಲ್ಲಿಲ್ಲ. ರಾಜನ ಆಪ್ತರಲ್ಲೇ ಮೂವರು ದ್ರೋಹ ಬಗೆದದ್ದು ಇಲ್ಲ. ಶರಣಾಗದ ಪಟ್ಟಣಕ್ಕೆ ಹೆನ್ರಿ ಹಾಕುವ, ಕೇಳಿದರೆ ಮೈ ನಡುಗುವ ಬೆದರಿಕೆ ಇಲ್ಲ. ಸೆರೆಸಿಕ್ಕ ಫ್ರೆಂಚರನ್ನು ಕೊಲ್ಲಿರೆಂದು ಆತ ಕೊಟ್ಟ ಆಜ್ಞೆ ಇಲ್ಲ. ಇಲ್ಲಿ ಕತ್ತರಿಗೆ ಸಿಕ್ಕಿದ್ದು ನಾಯಕನ ಕ್ರೌರ್ಯ.

ಇದೇ ನಾಟಕವನ್ನು 1989ರಲ್ಲಿ ಕೆನೆತ್ ಬ್ರಾನಾ ಮತ್ತೆ ಚಿತ್ರವಾಗಿಸಿದ. ದ್ರೋಹಿಗಳು ಮರಳಿ ಬಂದರು. ಹಳೆಯ ಗೆಳೆಯನನ್ನು ನೇಣಿಗೇರಿಸಿ ನಿಂತು ನೋಡುವ ರಾಜನೂ, ಕೆಸರು ರಕ್ತಗಳ ರಣರಂಗವೂ ಬಂದವು. ಸೆರೆಯಾಳುಗಳ ಕೊಲೆಯ ಆಜ್ಞೆ ಮಾತ್ರ ಆಗಲೂ ಬರಲಿಲ್ಲ. ಯುದ್ಧ ಮುಗಿದು ನಲವತ್ತು ವರ್ಷ ಕಳೆದರೂ ಒಂದು ಜನಾಂಗ ತನ್ನ ಮೆಚ್ಚಿನ ರಾಜನ ಬಗ್ಗೆ ನೋಡಲೊಲ್ಲದ ಸಂಗತಿ ಉಳಿದೇ ಇರುತ್ತದೆ ಎನ್ನೋಣವೇ?

ಮೂರನೆಯದು ಜರ್ಮನಿಯ 'ಕೋಲ್‌ಬೆರ್ಗ್'. ನಾಜಿ ಪ್ರಚಾರಮಂತ್ರಿ ಗೊಬೆಲ್ಸ್ 1943ರ ಜೂನ್‌ನಲ್ಲಿ ಸ್ವತಃ ಆಜ್ಞೆಯಿತ್ತು ಮಾಡಿಸಿದ ಚಿತ್ರವಿದು. ನಿರ್ದೇಶಕ ಫೈಟ್ ಹಾರ್ಲಾನ್. 1807ರಲ್ಲಿ ನೆಪೋಲಿಯನ್ನನ ಸೇನೆ ಬಾಲ್ಟಿಕ್ ತೀರದ ಕೋಲ್‌ಬೆರ್ಗ್ ಪಟ್ಟಣವನ್ನು ಮುತ್ತಿದಾಗ ಊರ ನಾಗರಿಕರು ಸೈನಿಕರೊಡನೆ ನಿಂತು ಹೋರಾಡಿದ ಕತೆ. ಯುದ್ಧರಂಗದಲ್ಲಿ ಸೈನಿಕರ ಅಭಾವ ಹೆಚ್ಚುತ್ತಿದ್ದ ಕಾಲದಲ್ಲಿ ಸಾವಿರಾರು ಸೈನಿಕರನ್ನು ಕರೆತಂದು ಹಳೆಯ ಉಡುಪು ತೊಡಿಸಿ ಕ್ಯಾಮೆರಾದ ಮುಂದೆ ಓಡಿಸಿದರು. ಚಿತ್ರ ಸಿದ್ಧವಾದ ಮೇಲೆ, ಹೆಣಗಳ ಮತ್ತು ಸಂಕಟದ ದೃಶ್ಯಗಳು ಜನರ ಧೈರ್ಯ ಕುಗ್ಗಿಸುತ್ತವೆಂದು ಗೊಬೆಲ್ಸ್ ಅವುಗಳನ್ನು ತೆಗೆಸಿದ. ಇದಕ್ಕಿಂತ ದೊಡ್ಡ ಕತ್ತರಿ ಇತಿಹಾಸದ ಮೇಲೆಯೇ ಬಿದ್ದಿತ್ತು. ಕೋಲ್‌ಬೆರ್ಗ್ ಉಳಿದದ್ದು ಕದನವಿರಾಮದ ಸುದ್ದಿ ಬಂದದ್ದರಿಂದ; ಆ ತಿಂಗಳೇ ಆದ ಟಿಲ್ಸಿಟ್ ಒಪ್ಪಂದದಲ್ಲಿ ಪ್ರಷ್ಯ ತನ್ನ ರಾಜ್ಯದ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಂಡಿತು. ಸೋತ ಯುದ್ಧವೊಂದನ್ನು ಗೆದ್ದ ಯುದ್ಧದಂತೆ ತೋರಿಸಲಾಯಿತು.

1945ರ ಜನವರಿ 30ರಂದು ಬರ್ಲಿನ್ನಿನಲ್ಲೂ, ಶತ್ರುಗಳು ಸುತ್ತುವರಿದಿದ್ದ ಫ್ರಾನ್ಸಿನ ಲಾ ರೋಷೆಲ್ ಬಂದರಿನಲ್ಲೂ ಚಿತ್ರದ ಮೊದಲ ಪ್ರದರ್ಶನ ನಡೆಯಿತು. ಮಾರ್ಚ್ 18ರಂದು ನಿಜವಾದ ಕೋಲ್‌ಬೆರ್ಗ್ ಪಟ್ಟಣ ರಷ್ಯದ ಮತ್ತು ಪೋಲೆಂಡಿನ ಸೇನೆಗಳ ಕೈಸೇರಿತು. ಆ ಸುದ್ದಿ ಸೈನ್ಯದ ಪ್ರಕಟಣೆಯಲ್ಲಿ ಬಾರದಂತೆ ಗೊಬೆಲ್ಸ್ ನೋಡಿಕೊಂಡ. ತೆರೆಯ ಮೇಲೆ ಬೀಳದ ಊರು ನೆಲದ ಮೇಲೆ ಬೀಳುವುದಾದರೂ ಹೇಗೆ? ಕೊನೆಯುಸಿರಿನವರೆಗೆ ಹೋರಾಡಿ ಎಂದು ಆ ಚಿತ್ರ ಸಾರುತ್ತಿದ್ದಾಗ ಸಾಯುತ್ತಿದ್ದವರು ಮುದುಕರು ಮತ್ತು ಶಾಲೆಯ ಹುಡುಗರು. ಪ್ರಚಾರದ ಬೆಲೆಯನ್ನು ತೆತ್ತವರು ಅವರು.

ಹಾಗಾದರೆ ಸರ್ಕಾರ ಮಾಡಿಸಿದ ಚಿತ್ರವೆಲ್ಲ ಸುಳ್ಳೇ ಆಗಬೇಕೆ? ಇಲ್ಲವೆಂಬುದಕ್ಕೆ ಮತ್ತೆ ಐಸೆನ್‌ಸ್ಟೈನನೇ ಸಾಕ್ಷಿ. ಸ್ಟಾಲಿನ್ನನ ಇಚ್ಛೆಯಂತೆ ಆತ 'ಭಯಂಕರ ಐವಾನ್' ಚಿತ್ರಕ್ಕೆ ಕೈಹಾಕಿದ. ಮೊದಲ ಭಾಗಕ್ಕೆ ಸ್ಟಾಲಿನ್ ಪ್ರಶಸ್ತಿ ಬಂತು. ಎರಡನೆಯ ಭಾಗದಲ್ಲಿ ಐವಾನ್ ಸಂಶಯಗ್ರಸ್ತನಾಗಿ, ರಹಸ್ಯ ಪಡೆಯ ನಡುವೆ ಒಂಟಿಯಾಗಿ ಕುಳಿತ ಕ್ರೂರ ಅರಸನಾಗಿ ಕಾಣಿಸಿಕೊಂಡ. 1946ರಲ್ಲಿ ಅದನ್ನು ನಿಷೇಧಿಸಿದರು. 1948ರಲ್ಲಿ ನಿರ್ದೇಶಕ ತೀರಿಕೊಂಡ. 1953ರಲ್ಲಿ ಸ್ಟಾಲಿನ್ ತೀರಿಕೊಂಡ. ಚಿತ್ರ ಬೆಳಕು ಕಂಡದ್ದು 1958ರಲ್ಲಿ. ಕಲಾವಿದನು ಕತ್ತರಿಯನ್ನು ತಾನಾಗಿ ಎತ್ತಿಕೊಳ್ಳದೆ ಹೋದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ನಮ್ಮ ದೇಶದ ಮಾತು. ಮುಂಬಯಿಯಲ್ಲೇ ತಯಾರಾದ ಸೊಹ್ರಾಬ್ ಮೋದಿಯವರ 'ಸಿಕಂದರ್' (1941) ಚಿತ್ರದಲ್ಲಿ ಪೃಥ್ವಿರಾಜ್ ಕಪೂರ್ ಅಲೆಕ್ಸಾಂಡರ್, ಮೋದಿಯವರೇ ಪೋರಸ್. ಮುಂಬಯಿಯ ಸೆನ್ಸಾರ್ ಮಂಡಳಿ ಅದಕ್ಕೆ ಒಪ್ಪಿಗೆ ನೀಡಿತಾದರೂ ಸೈನ್ಯದ ದಂಡುಪ್ರದೇಶಗಳ ಕೆಲವು ಚಿತ್ರಮಂದಿರಗಳಲ್ಲಿ ಅದನ್ನು ತಡೆಯಲಾಯಿತು. ಊರಿನ ಗುಮಾಸ್ತ ನೋಡಬಹುದಾದ ಚಿತ್ರವನ್ನು ಬ್ರಿಟಿಷ್ ಸೈನ್ಯದಲ್ಲಿದ್ದ ಭಾರತೀಯ ಸಿಪಾಯಿ ನೋಡಬಾರದಾಗಿತ್ತು. ಪರದೇಶದ ದೊರೆಯೆದುರು ತಲೆಬಾಗದ ಪೋರಸನ ಮಾತು ಎರಡು ಸಾವಿರ ವರ್ಷಗಳ ಹಿಂದಿನದೆಂದು ಯಾರೂ ನಂಬಲಿಲ್ಲ; ನಂಬದಿದ್ದುದು ಸರಿಯಾಗಿಯೇ ಇತ್ತು.

ಪೋರಸನ ಪಕ್ಷ ನಮ್ಮದು, ಆದ್ದರಿಂದ ಅದು ಪ್ರಚಾರವೆಂದು ನಮಗನಿಸುವುದಿಲ್ಲ. ಇಲ್ಲಿಯೇ ನಮ್ಮ ಪರೀಕ್ಷೆ. 1961ರಲ್ಲಿ ಬಿ. ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಬಂತು. ಕನ್ನಡನಾಡು ಒಂದಾಗಿ ಆಗಿನ್ನೂ ಐದು ವರ್ಷ. ಬಿ. ಸರೋಜಾದೇವಿಯವರ ಚೆನ್ನಮ್ಮನನ್ನು ನೋಡಿ ಮೈ ನವಿರೇಳದ ಕನ್ನಡಿಗನಿರಲಾರ. 1824ರ ಅಕ್ಟೋಬರಿನ ಗೆಲುವು, ಕಲೆಕ್ಟರ್ ಥ್ಯಾಕರೆಯ ಸಾವು, ಡಿಸೆಂಬರಿನಲ್ಲಿ ಕೋಟೆಯ ಪತನ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ರಾಣಿಯ ಮರಣ, ಇವೆಲ್ಲ ನಮಗೆ ಬಾಯಿಪಾಠ. ಆದರೆ ಅದಕ್ಕೆ ಆರು ವರ್ಷ ಮೊದಲು, 1818ರಲ್ಲಿ, ಇದೇ ಕಿತ್ತೂರು ಸಂಸ್ಥಾನ ಪೇಶ್ವೆಯ ವಿರುದ್ಧ ಇಂಗ್ಲಿಷರ ಪಕ್ಷ ವಹಿಸಿತ್ತೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ? ಇದರಿಂದ ಚೆನ್ನಮ್ಮನ ಶೌರ್ಯ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಸಹಾಯ ಪಡೆದ ಕಂಪನಿಯೇ ಮುಂದೆ ದತ್ತಕದ ನೆಪವೊಡ್ಡಿ ಸಂಸ್ಥಾನವನ್ನು ನುಂಗಹೊರಟಿತೆಂದು ತಿಳಿದಾಗ ಆಕೆಯ ದುರಂತದ ಆಳ ಹೆಚ್ಚೇ ಆಗುತ್ತದೆ. ಆದರೂ ನಾಳೆ ಯಾರಾದರೂ ಇದನ್ನು ತೆರೆಯ ಮೇಲೆ ತಂದರೆ ನಾವು ಸುಮ್ಮನಿರುವೆವೇ? ಕತ್ತರಿ ಯಾವಾಗಲೂ ಮಂತ್ರಿಯ ಕೈಯಲ್ಲೇ ಇರಬೇಕೆಂದಿಲ್ಲ. ಪ್ರೇಕ್ಷಕರಾದ ನಮ್ಮ ಕೈಯಲ್ಲೂ ಒಂದಿದೆ.

ಈ ಮಾತು ಇಂದು ಬರೀ ರಸವಿಮರ್ಶೆಯ ಮಾತಾಗಿ ಉಳಿದಿಲ್ಲ. ಸಂಭಾಜಿ ಮಹಾರಾಜರನ್ನು ಕುರಿತ 'ಛಾವಾ' 2025ರ ಫೆಬ್ರವರಿಯಲ್ಲಿ ತೆರೆ ಕಂಡಿತು. ಮಾರ್ಚ್‌ನಲ್ಲಿ ಔರಂಗಜೇಬನ ಗೋರಿಯ ವಿವಾದದಿಂದ ನಾಗಪುರದಲ್ಲಿ ಗಲಭೆಯಾದಾಗ, ಮಹಾರಾಷ್ಟ್ರದ ಮುಖ್ಯಮಂತ್ರಿಗಳು ಗಲಭೆ ಪೂರ್ವಯೋಜಿತವೆನ್ನುತ್ತಲೇ, ಆ ಚಿತ್ರ ಜನರಲ್ಲಿ ಔರಂಗಜೇಬನ ಮೇಲೆ ಕೋಪ ಕೆರಳಿಸಿತೆಂದು ವಿಧಾನಸಭೆಯಲ್ಲಿ ನುಡಿದರು. ಸಂಭಾಜಿ ಅನುಭವಿಸಿದ ಚಿತ್ರಹಿಂಸೆ ಸುಳ್ಳಲ್ಲ. ಅದನ್ನು ತೋರಿಸುವುದು ತಪ್ಪೂ ಅಲ್ಲ. ಆದರೆ 1689ರ ನೋವು 2025ರ ಬೀದಿಯಲ್ಲಿ ಯಾರ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಔರಂಗಜೇಬನು ಸತ್ತು ಮೂರು ಶತಮಾನ ದಾಟಿತು. ನೆರೆಮನೆಯವರು ಬದುಕಿದ್ದಾರೆ.

ಯುದ್ಧಚಿತ್ರಗಳನ್ನು ನೋಡಬಾರದೆಂದು ನಾನು ಹೇಳಲಾರೆ. ಒಳ್ಳೆಯ ಯುದ್ಧಚಿತ್ರದ ಸೊಗಸೇ ಬೇರೆ. ಚಿತ್ರಮಂದಿರದಿಂದ ಹೊರಬರುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ನಮ್ಮ ನಾಯಕ ಎಲ್ಲಿಯಾದರೂ ಸೋತನೆ, ತಪ್ಪಿದನೆ? ಶತ್ರುವಿಗೂ ಒಂದು ಮುಖ, ಒಂದು ಮನೆ ಇತ್ತೆ? ಸತ್ತವರ ಲೆಕ್ಕವನ್ನು ಚಿತ್ರ ಕೊಟ್ಟಿತೆ? ಮೂರಕ್ಕೂ ಉತ್ತರ 'ಇಲ್ಲ' ಎಂದಾದರೆ, ನಾವು ನೋಡಿದ್ದು ಹಳೆಯ ಯುದ್ಧವನ್ನಲ್ಲ, ಮುಂದೆ ಯಾರೋ ಹೂಡಲಿರುವ ಯುದ್ಧದ ಪೀಠಿಕೆಯನ್ನು. ನಮ್ಮ ಸಂಘಗಳಲ್ಲಿ ಇಂಥ ಚಿತ್ರಗಳನ್ನು ತೋರಿಸುವಾಗ, ಪ್ರದರ್ಶನದ ಬಳಿಕ ಈ ಪ್ರಶ್ನೆಗಳಿಗಾಗಿ ಅರ್ಧ ಗಂಟೆ ಮೀಸಲಿಟ್ಟರೆ ಚಹಾ ತಣ್ಣಗಾದೀತು. ಬೇರೆ ನಷ್ಟವೇನೂ ಆಗದು.