ಯಾವ ನೀರಿನ ಸೊಪ್ಪು?

ಈ ವಾರ ಸಾವಯವ ಪಾಲಕ್ ಸರದಿ ಎಂದು ಅಂಕಣಕಾರ ಹೋದ ವಾರವೇ ಮಾತು ಕೊಟ್ಟಾಗಿದೆ, ಹಿಂದೆ ಸರಿಯುವಂತಿಲ್ಲ. ಸೊಪ್ಪಿನ ಪಕ್ಷದ ಹಳೇ ಓದುಗರಿಗೆ ಗುಣಗಾನ ಮತ್ತೆ ಬೇಕಿಲ್ಲ. ತೀರಿಸಬೇಕಾದ ಬಾಕಿಯಿರುವುದು ಸ್ಮೂದಿ ಪಂಥದವರ ಜೊತೆ. ಒಂದಕ್ಕೆರಡು ದುಡ್ಡು ಕೊಟ್ಟು ಸಾವಯವ ಮುದ್ರೆಯ ಕಟ್ಟು ತಂದು, ‘ಔಷಧ ಹೊಡೆದಿಲ್ಲವಲ್ಲ’ ಎಂದು ತೊಳೆಯದೆಯೇ ಮಿಕ್ಸಿಗೆ ಹಾಕುವವರು ಅವರು.

ಔಷಧ ಹೊಡೆದಿಲ್ಲ ಎಂಬುದು ಸಣ್ಣ ಮಾತಲ್ಲ. ಪಾಲಕ್‌ಗೆ ಸುಲಿದು ಎಸೆಯಲು ಸಿಪ್ಪೆಯಿಲ್ಲ. ಸಿಂಪಡಿಸಿದ್ದು ತಿನ್ನುವ ಎಲೆಯ ಮೇಲೇ ಬೀಳುತ್ತದೆ. 2012ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು 200ಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಾಡಿದಾಗ ಸಾವಯವ ಬೆಳೆಯಲ್ಲಿ ಕೀಟನಾಶಕದ ಶೇಷ ಕಡಿಮೆಯೆಂದೇ ಕಂಡುಬಂತು. ಪೋಷಕಾಂಶ ಹೆಚ್ಚು ಎನ್ನಲು ಮಾತ್ರ ಗಟ್ಟಿ ಆಧಾರ ಸಿಗಲಿಲ್ಲ. ಇ. ಕೋಲಿ ಬ್ಯಾಕ್ಟೀರಿಯಾದ ಸೋಂಕಿನಲ್ಲಂತೂ ಸಾವಯವಕ್ಕೂ ರಾಸಾಯನಿಕಕ್ಕೂ ವ್ಯತ್ಯಾಸವಿರಲಿಲ್ಲ.

ಇ. ಕೋಲಿ ಅಂದರೆ 2006ರ ಅಮೆರಿಕ. ಚೀಲದಲ್ಲಿ ತುಂಬಿ ಮಾರಿದ, ಕಾರ್ಖಾನೆಯಲ್ಲೇ ತೊಳೆದ ಹಸಿ ಪಾಲಕ್ ತಿಂದು 26 ರಾಜ್ಯಗಳಲ್ಲಿ ಸುಮಾರು 200 ಮಂದಿ ಹಾಸಿಗೆ ಹಿಡಿದರು, ಮೂವರು ಸತ್ತರು. ಜಾಡು ಹಿಡಿದು ಹೊರಟವರು ಮುಟ್ಟಿದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಬೆನಿಟೊ ಕೌಂಟಿಯ ಒಂದು ಹೊಲವನ್ನು. ಆ ಹೊಲ ಆಗ ಸಾವಯವಕ್ಕೆ ಹೊರಳುವ ಹಂತದಲ್ಲಿತ್ತು. ಪಕ್ಕದ ದನದ ಸಗಣಿಯಲ್ಲಿ, ಕಾಡುಹಂದಿಗಳಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಎಲೆಗೆ ಹೇಗೆ ದಾಟಿತೆಂಬುದು ಕೊನೆಗೂ ಖಚಿತವಾಗಲಿಲ್ಲ. ತೊಳೆದರೂ ಪೂರ್ತಿ ಹೋಗದ ಆ ಜೀವಿ ಒಂದು ಕುದಿ ಬಂದರೆ ಸಾಯುತ್ತದೆ. ನಮ್ಮ ಅಡುಗೆಮನೆ ಸೊಪ್ಪನ್ನು ಹಸಿಯಾಗಿ ನಂಬದೆ ಇದ್ದದ್ದು ಸುಮ್ಮನಲ್ಲ.

ಬೆಂದರೂ ಹೋಗದ್ದು ಕ್ಯಾಡ್ಮಿಯಂ ಎಂಬ ವಿಷಲೋಹ. ಕೊಳಚೆ ನೀರು ಹಾಯಿಸಿದರೆ ಮಣ್ಣು ಸೇರುವ ಅದನ್ನು ಪಾಲಕ್ ಹೀರಿಕೊಂಡು ಎಲೆಯಲ್ಲಿಟ್ಟುಕೊಳ್ಳುತ್ತದೆ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬೈರಮಂಗಲ ಕೆರೆ ಸೇರುವುದನ್ನು ಕಂಡವರು ‘ಸಾವಯವವೇ?’ ಎನ್ನುವ ಮೊದಲು ‘ಯಾವ ನೀರಮ್ಮ?’ ಎಂದು ಕೇಳುತ್ತಾರೆ.

ಇಷ್ಟಕ್ಕೂ ಆ ಕಟ್ಟಿನಲ್ಲಿರುವುದು ಸ್ಪಿನಾಚೇ? ಪೊಪಾಯ್ ಡಬ್ಬಿಯಿಂದ ನುಂಗುತ್ತಿದ್ದದ್ದು ಸ್ಪಿನಾಸಿಯಾ ಒಲೆರೇಸಿಯಾ. ನಮ್ಮ ಸಂತೆಯ ಪಾಲಕ್ ಹೆಚ್ಚಾಗಿ ಬೀಟಾ ವಲ್ಗ್ಯಾರಿಸ್, ಅಂದರೆ ಬೀಟ್‌ರೂಟಿನ ದಾಯಾದಿ. ಬೀಜ ನೋಡಿದರೇ ಗೊತ್ತಾಗುತ್ತದೆ, ಅದೇ ಬೀಟ್‌ರೂಟಿನ ಗಂಟುಗಂಟು ಬೀಜ. ‘ಆಲ್ ಗ್ರೀನ್’, ‘ಪೂಸಾ ಜ್ಯೋತಿ’, ಹೆಸರಘಟ್ಟದ ‘ಅರ್ಕಾ ಅನುಪಮ’ ತಳಿಗಳೆಲ್ಲ ಈ ಕುಲದವೇ. ಕುಯ್ದರೆ ಎರಡು-ಮೂರು ವಾರದಲ್ಲಿ ಮತ್ತೆ ಚಿಗುರುತ್ತವೆ. 100 ಗ್ರಾಂಗೆ 2.7 ಮಿಲಿಗ್ರಾಂ ಕಬ್ಬಿಣ ಎಂದು ಪತ್ರಿಕೆಗಳು ಬರೆಯುವ ಲೆಕ್ಕ ಆ ವಿಲಾಯಿತಿ ಎಲೆಯದು. ಅದರಲ್ಲೂ ಮೈಗೆ ಹತ್ತುವುದು ಅತ್ಯಲ್ಪ. ನಿಂಬೆಹಣ್ಣು ಹಿಂಡಿದರೆ ಕೊಂಚ ಹೆಚ್ಚು.

ಆಕ್ಸಲೇಟ್ ವಿಷಯದಲ್ಲಿ ಮಾತ್ರ ಎರಡೂ ಸಮಾನ ಶ್ರೀಮಂತರು. ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುವ ಇದಕ್ಕೆ ಸಾವಯವ, ರಾಸಾಯನಿಕ ಎಂಬ ಭೇದವಿಲ್ಲ. ಸ್ಮೂದಿ ಲೋಟದಲ್ಲಿ ಅದು ಪೂರ್ತಿ ಇಳಿಯುತ್ತದೆ. ಪಾಲಕ್ ಮೊಸರುಬಜ್ಜಿಯಲ್ಲಾದರೆ ಮೊಸರಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದಿಡುತ್ತದೆ.

ಬೇಯಿಸಿ ಬಸಿದರೆ ಕರಗುವ ಆಕ್ಸಲೇಟ್‌ನ ದೊಡ್ಡ ಪಾಲು ನೀರಿಗಿಳಿಯುತ್ತದೆ. ಕನ್ನಡಿಗನ ಪೇಚು ಶುರುವಾಗುವುದೇ ಇಲ್ಲಿ, ಏಕೆಂದರೆ ಆ ನೀರೇ ಬಸ್ಸಾರು! ಚೆಲ್ಲಿದರೆ ಸಾರಿಲ್ಲ, ಉಳಿಸಿದರೆ ಬಸಿದ ಫಲವಿಲ್ಲ. ಅಂಕಣಕಾರನ ಮನೆಯಲ್ಲಿ ಇದಕ್ಕೊಂದು ರಾಜಿಯಾಗಿದೆ. ಪಾಲಕ್ ಬಸಿದ ನೀರು ಬಚ್ಚಲಿಗೆ, ಸೊಪ್ಪು ಬೆಳ್ಳುಳ್ಳಿ ಒಗ್ಗರಣೆಯ ಪಲ್ಯಕ್ಕೆ. ಬಸ್ಸಾರಿನ ದಿನ ಎಲೆಕೋಸು, ಹೆಸರುಕಾಳು.